ಪರೀಕ್ಷಿಸಿದ ಸಾರವೆಲ್ಲ ಡಿಎನ್‌ಎಗೆ ಅಂಟುತ್ತದೆ ಎಂದು ಬಂದಾಗ: ಮಿಥೈಲ್ ಗ್ರೀನ್ ವಿಧಾನದ ದೋಷ ನಿವಾರಣೆ

ದಾವಣಗೆರೆಯ ನಮ್ಮ ಪ್ರಯೋಗಾಲಯದಲ್ಲಿ ಒಂದು ಏಪ್ರಿಲ್ ತಿಂಗಳಲ್ಲಿ ಹದಿನೆಂಟು ಗಿಡಗಳ ಸಾರವನ್ನು, ಡಿಎನ್‌ಎಗೆ ಅಂಟುವ ಸಂಯುಕ್ತ ಅವುಗಳಲ್ಲಿ ಇದೆಯೇ ಎಂದು ನೋಡಲು, ಸಣ್ಣ ಸಣ್ಣ ಗುಳಿಗಳಿರುವ ಒಂದೇ ತಟ್ಟೆಯಲ್ಲಿ (ಮೈಕ್ರೋಪ್ಲೇಟ್) ಪರೀಕ್ಷೆಗೆ ಇಟ್ಟಿದ್ದೆವು. ಗಿಡಗಳೆಲ್ಲ ನಮ್ಮ ಸೀಮೆಯವೇ. ತಂಗಡಿ, ಕರಿಜಾಲಿ, ದಿಂಡಿಗ, ಕಗ್ಗಲಿ ಮುಂತಾದವು ಚಿತ್ರದುರ್ಗದ ಸುತ್ತಲಿನ ಕುರುಚಲು ಕಾಡಿನ ಅಂಚಿನಿಂದ ಬಂದವು; ಉತ್ತರಾಣಿ, ಆಡುಸೋಗೆ, ಅಮೃತಬಳ್ಳಿ, ಹಳದಿ ಹೂವಿನ ಮುಳ್ಳು ದತ್ತೂರಿ ಹೊಳಲ್ಕೆರೆ ಮತ್ತು ಹಿರಿಯೂರು ಕಡೆಯ ಹೊಲದ ಬದುಗಳಿಂದ ಬಂದವು. ಮರುದಿನ ಅಂಕಿಗಳನ್ನು ಓದಿದಾಗ ಹದಿನೆಂಟರಲ್ಲಿ ಹದಿನೈದು ಸಾರಗಳು ಡಿಎನ್‌ಎಗೆ ಅಂಟಿದ್ದ ಬಣ್ಣವನ್ನು ಎಬ್ಬಿಸಿ ಹೊರಹಾಕಿದಂತೆ ಕಾಣುತ್ತಿತ್ತು. ಸಂಶೋಧನೆಗೆ ಬಂದಿದ್ದ ವಿದ್ಯಾರ್ಥಿನಿಗೆ ಸಂತೋಷವಾಗಿತ್ತು, ನನಗೆ ಮಾತ್ರ ಆತಂಕ. ಡಿಎನ್‌ಎಯೊಡನೆ ನಿಜವಾಗಿ ಬೆಸೆಯುವ ಸಂಯುಕ್ತಗಳು ಗಿಡಲೋಕದಲ್ಲಿ ಇಷ್ಟು ಸಲೀಸಾಗಿ ಸಿಗುವಂಥವಲ್ಲ. ಆದ್ದರಿಂದ ಆ ಫಲಿತಾಂಶವನ್ನು ಶೋಧವೆಂದು ನಂಬದೆ, ಪರೀಕ್ಷೆಯ ದೋಷವೆಂದೇ ಭಾವಿಸಿ ಹುಡುಕಲು ತೊಡಗಿದೆವು. ಆ ಹುಡುಕಾಟದಲ್ಲಿ ಕಂಡ ದೋಷಗಳನ್ನು, ಒಂದನ್ನು ಇನ್ನೊಂದರಿಂದ ಬೇರ್ಪಡಿಸಿದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ದೊಡ್ಡ ಉಪಕರಣಗಳಿಲ್ಲದ ಕಾಲೇಜುಗಳಲ್ಲಿ ಇದೇ ವಿಧಾನವನ್ನು ಬಳಸುವವರು ಬಹಳ ಮಂದಿ ಇದ್ದಾರೆ, ಮತ್ತು ಬಹುತೇಕ ಎಲ್ಲರೂ ಎಡವುವುದು ಇದೇ ಜಾಗಗಳಲ್ಲಿ.

ಪರೀಕ್ಷೆ ನಡೆಯುವ ಬಗೆ

ದೋಷ ಎಲ್ಲಿ ಹುಟ್ಟಬಲ್ಲದು ಎಂದು ತಿಳಿಯಬೇಕಾದರೆ ಪರೀಕ್ಷೆಯ ಒಳಗುಟ್ಟು ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು. ಮಿಥೈಲ್ ಗ್ರೀನ್ ಎಂಬುದು ಧನ ಆವೇಶವುಳ್ಳ ಪ್ರತ್ಯಾಮ್ಲೀಯ ಬಣ್ಣ. ಅದು ಡಿಎನ್‌ಎಯ ದೊಡ್ಡ ತೋಡಿನಲ್ಲಿ, ಋಣ ಆವೇಶದ ಬೆನ್ನೆಲುಬಿನ ಆಸರೆಯಲ್ಲಿ ಕುಳಿತುಕೊಳ್ಳುತ್ತದೆ. ಹಾಗೆ ಕುಳಿತಿರುವವರೆಗೆ ಅದರ ನೀಲಿ ಹಸಿರು ಬಣ್ಣ ಉಳಿದಿರುತ್ತದೆ. ಬೇರೊಂದು ಸಂಯುಕ್ತ ಬಂದು ಅದನ್ನು ಅಲ್ಲಿಂದ ಎಬ್ಬಿಸಿದರೆ, ಬಿಡುಗಡೆಯಾದ ಬಣ್ಣವು 7.5ರ ಪಿಎಚ್‌ನಲ್ಲಿ ನೀರಿನ ಅಣುವನ್ನು ಸೇರಿಸಿಕೊಂಡು ನಿಧಾನವಾಗಿ ಬಣ್ಣವಿಲ್ಲದ ರೂಪಕ್ಕೆ ಇಳಿಯುತ್ತದೆ. ರೂಢಿಯಲ್ಲಿರುವ ಕ್ರಮದಂತೆ ಡಿಎನ್‌ಎ ಮತ್ತು ಮಿಥೈಲ್ ಗ್ರೀನ್‌ನ ಸಂಕೀರ್ಣವನ್ನು 20 ಮಿಲಿಗ್ರಾಂನಷ್ಟು ತೆಗೆದುಕೊಂಡು, 7.5 ಮಿಲಿಮೋಲಾರ್ ಮೆಗ್ನೀಸಿಯಮ್ ಸಲ್ಫೇಟ್ ಇರುವ 0.05 ಮೋಲಾರ್ ಟ್ರಿಸ್ ಬಫರಿನ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) 100 ಮಿಲಿಲೀಟರಿನಲ್ಲಿ ಕದಡಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ತಿರುಗಿಸುತ್ತಾರೆ. ಆ ದ್ರಾವಣವನ್ನು ತಟ್ಟೆಯ ಒಂದೊಂದು ಗುಳಿಗೂ 200 ಮೈಕ್ರೋಲೀಟರಿನಂತೆ ಸಾರದೊಂದಿಗೆ ಬೆರೆಸಿ, ಕತ್ತಲಲ್ಲಿ 24 ಗಂಟೆ ಇಟ್ಟು, 640 ನ್ಯಾನೊಮೀಟರಿನ ಆಸುಪಾಸಿನಲ್ಲಿ ಬೆಳಕಿನ ಹೀರಿಕೆ ಎಷ್ಟು ಇಳಿದಿದೆ ಎಂದು ನೋಡುತ್ತಾರೆ.

ಇಲ್ಲಿ ನಾವು ಅಳೆಯುತ್ತಿರುವುದು ಬಣ್ಣ ಮಾಸುವುದನ್ನು. ಸಂಯುಕ್ತ ಡಿಎನ್‌ಎಗೆ ಅಂಟಿತು ಎಂಬುದು ಆ ಅಳತೆಯಿಂದ ನಾವು ಮಾಡುವ ಊಹೆ ಮಾತ್ರ. ಬಣ್ಣವೇ ಗಷ್ಟಾಗಿ ತಳಕ್ಕೆ ಇಳಿದಿರಬಹುದು, ಪಿಎಚ್ ಬದಲಾಗಿರಬಹುದು, ಉಪ್ಪಿನಂಶ ಏರಿರಬಹುದು, ಡಿಎನ್‌ಎಯೇ ತುಂಡಾಗಿರಬಹುದು, ಇಲ್ಲವೇ ಸಾರದ ಸ್ವಂತ ಬಣ್ಣ ಬಾಡಿರಬಹುದು. ಈ ಐದೂ ಸಂದರ್ಭಗಳಲ್ಲಿ ಉಪಕರಣ ತೋರಿಸುವ ಅಂಕಿ ಒಂದೇ ರೀತಿಯದು. ನಮ್ಮ ಹದಿನೈದು ಸಾರಗಳಲ್ಲಿ ಈ ಐದೂ ದೋಷಗಳು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಕೊಂಡಿದ್ದವು.

ಮೊದಲು ಸಾರದ ಸ್ವಂತ ಬಣ್ಣ

ಎಲೆಯ ಮಿಥೆನಾಲ್ ಸಾರವೆಂದರೆ ಪತ್ರಹರಿತ್ತು ತುಂಬಿದ ಕಡುಹಸಿರು ದ್ರವ. ಪತ್ರಹರಿತ್ತು ಕೆಂಪು ಬೆಳಕನ್ನು 660 ನ್ಯಾನೊಮೀಟರಿನ ಹತ್ತಿರ ಬಲವಾಗಿ ಹೀರುತ್ತದೆ, ಅದರ ಇಳಿಜಾರು ನಾವು ಓದುವ 640ರವರೆಗೂ ಚಾಚಿಕೊಂಡಿರುತ್ತದೆ. ಸಾರವನ್ನು ಬೆರೆಸಿದ ಕೂಡಲೇ ಓದಿದ ಹೀರಿಕೆಯಲ್ಲಿ ಅದರ ಪಾಲು ಸೇರಿರುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಪತ್ರಹರಿತ್ತು ಮೆಗ್ನೀಸಿಯಮ್ ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗಿದರೆ ಆ ಪಾಲು ಕುಗ್ಗುತ್ತದೆ. ಆ ಕುಗ್ಗುವಿಕೆ ಮಿಥೈಲ್ ಗ್ರೀನ್‌ನ ಲೆಕ್ಕಕ್ಕೆ ಬೀಳುತ್ತದೆ.

ಇದಕ್ಕೆ ಪರಿಹಾರ ಸುಲಭ, ಆದರೆ ಬಹಳ ಮಂದಿ ಅರ್ಧ ಮಾತ್ರ ಮಾಡುತ್ತಾರೆ. ಪ್ರತಿಯೊಂದು ಸಾರಕ್ಕೂ ಬಣ್ಣವಿಲ್ಲದ ಒಂದು ಜೊತೆ ಗುಳಿ ಇರಬೇಕು: ಅದೇ ಬಫರ್, ಅದೇ ಡಿಎನ್‌ಎ, ಅದೇ ಪ್ರಮಾಣದ ಸಾರ, ಮಿಥೈಲ್ ಗ್ರೀನ್ ಮಾತ್ರ ಇಲ್ಲ. ಈ ಜೊತೆ ಗುಳಿಯನ್ನು ಆರಂಭದಲ್ಲಿ ಒಮ್ಮೆ ಓದಿ ಬಿಟ್ಟರೆ ಸಾಲದು, ಕೊನೆಯಲ್ಲಿಯೂ ಓದಿ, ಆಯಾ ಹೊತ್ತಿನ ಅಂಕಿಯನ್ನು ಆಯಾ ಹೊತ್ತಿನ ಅಂಕಿಯಿಂದಲೇ ಕಳೆಯಬೇಕು. ಎಲೆಯ ಸಾರಗಳನ್ನು ಮೊದಲೇ ಪೆಟ್ರೋಲಿಯಂ ಈಥರಿನಲ್ಲಿ ತೊಳೆದು ಪತ್ರಹರಿತ್ತಿನ ಬಹುಭಾಗವನ್ನು ತೆಗೆದುಬಿಟ್ಟರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಇಷ್ಟು ಮಾಡಿದಾಗಲೇ ಮೂರು ಎಲೆ ಸಾರಗಳು ಪಟ್ಟಿಯಿಂದ ಬಿದ್ದುಹೋದವು.

ಇದೇ ಹಂತದಲ್ಲಿ ಬಣ್ಣದ ಪುಡಿಯನ್ನೂ ಪರಿಶೀಲಿಸಬೇಕು. ಮಾರುಕಟ್ಟೆಯಲ್ಲಿ ಸಿಗುವ ಮಿಥೈಲ್ ಗ್ರೀನ್‌ನಲ್ಲಿ ಕ್ರಿಸ್ಟಲ್ ವಯೊಲೆಟ್ ಬೆರೆತಿರುವುದು ಸಾಮಾನ್ಯ. ನೀರಿನಲ್ಲಿ ಕರಗಿಸಿ ಕ್ಲೋರೋಫಾರ್ಮಿನೊಂದಿಗೆ ಕುಲುಕಿದರೆ ನೇರಳೆ ಬಣ್ಣ ಕ್ಲೋರೋಫಾರ್ಮಿಗೆ ಇಳಿದು ಬರುತ್ತದೆ. ಕೆಳಗಿನ ಪದರ ನಿಚ್ಚಳವಾಗುವವರೆಗೂ ಹೊಸ ಕ್ಲೋರೋಫಾರ್ಮ್ ಹಾಕಿ ಕುಲುಕುತ್ತಿರಬೇಕು.

ಒಗರಿನ ದೋಷ

ಉಳಿದ ಹನ್ನೆರಡು ಸಾರಗಳಲ್ಲಿ ಅತಿ ಹೆಚ್ಚು ಬಣ್ಣ ಇಳಿಸಿದವು ಯಾವುವು ಎಂದು ಕ್ರಮವಾಗಿ ಬರೆದುಕೊಂಡಾಗ ಮೊದಲ ನಾಲ್ಕು ಸ್ಥಾನದಲ್ಲಿ ತಂಗಡಿ ತೊಗಟೆ, ಕರಿಜಾಲಿ ತೊಗಟೆ, ಕಗ್ಗಲಿಯ ಚೇಗು ಮತ್ತು ದಿಂಡಿಗದ ತೊಗಟೆ ಇದ್ದವು. ಆ ಪಟ್ಟಿಯನ್ನು ನೋಡುತ್ತಿದ್ದ ವಿದ್ಯಾರ್ಥಿನಿ, ಅವಳು ಚಳ್ಳಕೆರೆ ಕಡೆಯವಳು, ಹೇಳಿದ ಒಂದು ಮಾತು ಇಡೀ ಹುಡುಕಾಟದ ದಿಕ್ಕನ್ನೇ ತಿರುಗಿಸಿತು. “ನಮ್ಮಜ್ಜ ತೊಗಲು ಹದ ಮಾಡೋಕೆ ತಂಗಡಿ ಚಕ್ಕೆ ನೆನೆಹಾಕ್ತಿದ್ರು ಸರ್. ಆ ನೀರಿಗೆ ಕಬ್ಬಿಣ ತಾಗಿಸಬೇಡ, ಕರ್ರಗಾಗುತ್ತೆ ಅಂತ ಬೈತಿದ್ರು,” ಎಂದಳು. ಫೆರಿಕ್ ಕ್ಲೋರೈಡ್ ಹನಿಸಿ, ಗಿಡಕ್ಕೆ ಒಗರು ಕೊಡುವ ಟ್ಯಾನಿನ್ ಪತ್ತೆ ಹಚ್ಚುವ ಪರೀಕ್ಷೆ ಅದೇ ಅಲ್ಲವೇ. ಆ ಅಜ್ಜನಿಗೆ ರಸಾಯನಶಾಸ್ತ್ರದ ಹೆಸರು ಗೊತ್ತಿರಲಿಲ್ಲ, ಪ್ರತಿಕ್ರಿಯೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಮೊದಲ ನಾಲ್ಕು ಸ್ಥಾನದಲ್ಲಿದ್ದವು ನಾಲ್ಕೂ ಒಗರು ಗಿಡಗಳು.

ಟ್ಯಾನಿನ್ನು ಚರ್ಮದ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ಪ್ರತ್ಯಾಮ್ಲೀಯ ಬಣ್ಣಗಳನ್ನೂ ಅಷ್ಟೇ ಗಟ್ಟಿಯಾಗಿ ಹಿಡಿದು, ನೀರಿನಲ್ಲಿ ಕರಗದ ಗಷ್ಟಾಗಿ ಇಳಿಸುತ್ತದೆ ಎಂಬುದನ್ನು ಜೀವರಸಾಯನದವರು ಮರೆತಿರುತ್ತೇವೆ. ಹತ್ತಿಯ ಬಟ್ಟೆಗೆ ಪ್ರತ್ಯಾಮ್ಲೀಯ ಬಣ್ಣ ಕಚ್ಚುವಂತೆ ಮಾಡಲು ಬಣ್ಣಗಾರರು ಮೊದಲು ಟ್ಯಾನಿನ್ನಿನಲ್ಲಿ ನೆನೆಸುತ್ತಿದ್ದುದು ಇದೇ ಕಾರಣಕ್ಕೆ. ಮಿಥೈಲ್ ಗ್ರೀನ್ ಅಂಥದೇ ಬಣ್ಣ. ಆದ್ದರಿಂದ ಟ್ಯಾನಿನ್ ತುಂಬಿದ ಸಾರವು ಡಿಎನ್‌ಎಯನ್ನು ಮುಟ್ಟದೆಯೇ ಬಣ್ಣವನ್ನು ದ್ರಾವಣದಿಂದ ಎಳೆದು ಹಾಕಬಲ್ಲದು.

ಈ ದೋಷಕ್ಕೆ ಒಂದು ವಿಶಿಷ್ಟ ಲಕ್ಷಣವಿದೆ, ಅದನ್ನು ಗಮನವಿಟ್ಟು ನೋಡಿದರೆ ಬಲವಾದ ಸುಳಿವು ಸಿಗುತ್ತದೆ. ನಿಜವಾಗಿ ಬಣ್ಣ ಬಿಡುಗಡೆಯಾದ ಗುಳಿಯಲ್ಲಿ ಹೀರಿಕೆ ಮೊದಲಿನಿಂದ ಕೊನೆಯವರೆಗೆ ನಯವಾಗಿ ಇಳಿಯುತ್ತದೆ. ಟ್ಯಾನಿನ್ ಇರುವ ಗುಳಿಯಲ್ಲಿ ಮೊದಲ ಒಂದು ಗಂಟೆಯಲ್ಲಿ ಹೀರಿಕೆ ಏರುತ್ತದೆ, ಯಾಕೆಂದರೆ ದ್ರಾವಣ ಕದಡಿ ಬೆಳಕು ಚದುರುತ್ತದೆ. ಆಮೇಲೆ ಗಷ್ಟು ಕಣಕಣವಾಗಿ ಕೂಡಿ ತಳದಲ್ಲಿ ಅಲ್ಲಲ್ಲಿ ಗುಪ್ಪೆಯಾದಂತೆ ಹೀರಿಕೆ ಬೀಳುತ್ತದೆ. ನಾವು ತಂಗಡಿಯ ಗುಳಿಯನ್ನು ಬಿಳಿ ಹಾಳೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆವು. ಮೇಲಿನ ದ್ರವ ಬಹುತೇಕ ತಿಳಿಯಾಗಿತ್ತು. ತಳದ ಒಂದು ಬದಿಯಲ್ಲಿ, ಪಾಚಿ ಕಟ್ಟಿದ ಹಾಗೆ, ಸಾಸಿವೆ ಕಾಳಿಗಿಂತ ಚಿಕ್ಕದಾದ ಹಸಿರು ಗುಪ್ಪೆಯೊಂದು ಕುಳಿತಿತ್ತು. ಪಿಪೆಟ್ಟಿನ ತುದಿಯಿಂದ ಅದನ್ನು ಕದಡಿದಾಗ ಹಸಿರು ಎಳೆಎಳೆಯಾಗಿ ಎದ್ದು, ಹೀರಿಕೆ ಮತ್ತೆ ಏರಿತು. ಬಿಡುಗಡೆಯಾಗಿ ಮಾಸಿದ ಬಣ್ಣ ಹಾಗೆ ಕದಡಿದ ಮಾತ್ರಕ್ಕೆ ಮರಳಿ ಬರುವುದಿಲ್ಲ.

ಖಚಿತಪಡಿಸಿಕೊಳ್ಳಲು ಇನ್ನೊಂದು ಹೆಜ್ಜೆ ಇಡಬೇಕು. ಡಿಎನ್‌ಎ ಇಲ್ಲದೆ, ಬರಿಯ ಮಿಥೈಲ್ ಗ್ರೀನ್ ಮತ್ತು ಸಾರವನ್ನು ಬೆರೆಸಿ ನೋಡಬೇಕು. ಇದನ್ನು 7.5ರ ಪಿಎಚ್‌ನಲ್ಲಿ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಡಿಎನ್‌ಎಯ ಆಸರೆ ಇಲ್ಲದ ಬಣ್ಣ ಅಲ್ಲಿ ತಾನೇ ಮಾಸುತ್ತದೆ. 4ರಿಂದ 5ರೊಳಗಿನ ಪಿಎಚ್‌ನ ಅಸಿಟೇಟ್ ಬಫರಿನಲ್ಲಿ ಬಣ್ಣ ಉಳಿಯುತ್ತದೆ. ಅಲ್ಲಿ ಸಾರವನ್ನು ಹಾಕಿ, ಅರ್ಧ ಗಂಟೆ ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಹಸಿರು ಗಷ್ಟು ಇಳಿದರೆ, ಅಪರಾಧಿ ಬಣ್ಣವನ್ನು ಹಿಡಿಯುವ ಟ್ಯಾನಿನ್ನೇ ಹೊರತು ಡಿಎನ್‌ಎಯನ್ನು ಹಿಡಿಯುವ ಸಂಯುಕ್ತವಲ್ಲ. ನಾಲ್ಕು ತೊಗಟೆ, ಚೇಗುಗಳೂ ಹೀಗೆಯೇ ಸಿಕ್ಕಿಬಿದ್ದವು.

ಟ್ಯಾನಿನ್ ಇದೆ ಎಂದು ಗೊತ್ತಾದ ಮೇಲೆ ಅದನ್ನು ತೆಗೆಯುವ ದಾರಿ ಹಲವು, ಆದರೆ ಯಾವುದೂ ಪೂರಾ ನಿರಪಾಯವಲ್ಲ. ಪಾಲಿವಿನೈಲ್ ಪಾಲಿಪಿರೋಲಿಡೋನ್ ಪುಡಿಯನ್ನು ಹಾಕಿ ಕುಲುಕಿ ಸೋಸಿದರೆ ಟ್ಯಾನಿನ್ ಅದಕ್ಕೆ ಅಂಟಿ ಹೋಗುತ್ತದೆ. ಅದರ ಜೊತೆಗೆ ಫ್ಲೇವೊನಾಯ್ಡ್‌ಗಳಲ್ಲಿ ಕೆಲವೂ ಹೋಗುತ್ತವೆ, ಅವುಗಳಲ್ಲಿ ಡಿಎನ್‌ಎಗೆ ನಿಜವಾಗಿ ಅಂಟುವಂಥವೂ ಇರಬಹುದು. ಸಾರವನ್ನು ಕ್ಲೋರೋಫಾರ್ಮಿಗೆ ತೆಗೆದು ಶೇ. 1ರ ಉಪ್ಪುನೀರಿನಲ್ಲಿ ತೊಳೆಯುವ ಕ್ರಮವೂ ಇದೆ; ಅದು ಕ್ಲೋರೋಫಾರ್ಮಿನಲ್ಲಿ ಕರಗುವ ಸಂಯುಕ್ತಗಳಿಗೆ ಮಾತ್ರ ಸರಿಹೊಂದುತ್ತದೆ. ನನ್ನ ಅಭಿಪ್ರಾಯದಲ್ಲಿ ಒಂದೇ ಸಾರವನ್ನು ಟ್ಯಾನಿನ್ ತೆಗೆದೂ ತೆಗೆಯದೆಯೂ ಎರಡು ಸಲ ಪರೀಕ್ಷಿಸಿ, ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆಯುವುದು ಪ್ರಾಮಾಣಿಕ ದಾರಿ. ತೆಗೆದ ಮೇಲೂ ಪರಿಣಾಮ ಉಳಿದರೆ ಮುಂದುವರಿಯಬೇಕು. ತೆಗೆದ ಮೇಲೆ ಪರಿಣಾಮ ಮಾಯವಾದರೆ ಆ ಗಿಡದಲ್ಲಿ ಏನೂ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಈ ವಿಧಾನದಿಂದ ಹೇಳಲಾಗದು ಎಂದಷ್ಟೇ ಬರೆಯಬೇಕು.

ಬೇಸಿಗೆ ಮತ್ತು ಅಂಚಿನ ಗುಳಿಗಳು

ಉಳಿದ ಎಂಟರಲ್ಲಿ ಎರಡು ಸಾರಗಳು ಒಂದು ದಿನ ಧನಾತ್ಮಕ, ಇನ್ನೊಂದು ದಿನ ಋಣಾತ್ಮಕ ಎಂದು ತೂಗಾಡುತ್ತಿದ್ದವು. ತಟ್ಟೆಯ ನಕ್ಷೆಯನ್ನು ತೆಗೆದು ನೋಡಿದಾಗ ಧನಾತ್ಮಕವಾಗಿ ಬಂದ ದಿನಗಳಲ್ಲೆಲ್ಲ ಅವು ತಟ್ಟೆಯ ಅಂಚಿನ ಸಾಲಿನಲ್ಲಿದ್ದವು. ಕ್ರಮದಲ್ಲಿ ‘ಕೋಣೆಯ ಉಷ್ಣತೆ’ ಎಂದು ಬರೆದಿರುವುದನ್ನು ನಾವು ಅಕ್ಷರಶಃ ಪಾಲಿಸಿದ್ದೆವು. ದಾವಣಗೆರೆಯ ಏಪ್ರಿಲಿನಲ್ಲಿ, ಕರೆಂಟು ಹೋಗಿ ಫ್ಯಾನೂ ನಿಂತ ಮಧ್ಯಾಹ್ನ, ಕೋಣೆಯ ಉಷ್ಣತೆ ಎಂದರೆ 36 ಡಿಗ್ರಿ.

ಇಲ್ಲೊಂದು ಸೂಕ್ಷ್ಮವಿದೆ. ಮೈಕ್ರೋಪ್ಲೇಟಿನಲ್ಲಿ ಬೆಳಕು ಮೇಲಿನಿಂದ ಕೆಳಕ್ಕೆ ಹಾಯುವುದರಿಂದ, ನೀರು ಆರಿಹೋದ ಮಾತ್ರಕ್ಕೆ ಹೀರಿಕೆ ಬದಲಾಗಬಾರದು. ದ್ರವದ ಎತ್ತರ ತಗ್ಗಿದಷ್ಟೇ ಬಣ್ಣದ ಸಾಂದ್ರತೆ ಏರಿರುತ್ತದೆ. ಆದ್ದರಿಂದ ಆವಿಯಾಗುವುದು ಇಲ್ಲಿ ನಿರುಪದ್ರವಿ ಎಂದು ನಾನು ಬಹಳ ದಿನ ನಂಬಿದ್ದೆ. ನನ್ನ ಲೆಕ್ಕದಲ್ಲಿ ಬಿಟ್ಟುಹೋದದ್ದು ಉಪ್ಪು. ನೀರು ಆರಿದಂತೆ ಬಫರಿನ ಮೆಗ್ನೀಸಿಯಮ್ಮೂ ಸಾರದ ಲವಣಗಳೂ ಗಾಢವಾಗುತ್ತವೆ, ಮತ್ತು ಮಿಥೈಲ್ ಗ್ರೀನ್ ಡಿಎನ್‌ಎಯನ್ನು ಹಿಡಿದಿರುವುದು ಹೆಚ್ಚಾಗಿ ಆವೇಶದ ಸೆಳೆತದಿಂದಲೇ ಆದ್ದರಿಂದ ಉಪ್ಪು ಏರಿದಂತೆ ಆ ಹಿಡಿತ ಸಡಿಲವಾಗುತ್ತದೆ. ಅದಕ್ಕೆ ಸೆಕೆ ಸೇರಿದರೆ ಬಿಡುಗಡೆ ಇನ್ನೂ ವೇಗ. ತಟ್ಟೆಯ ಒಳಗಿನ ಗುಳಿಗಳಿಗೆ ಅಕ್ಕಪಕ್ಕದ ತೇವದ ರಕ್ಷಣೆ ಇರುತ್ತದೆ, ಅಂಚಿನವಕ್ಕೆ ಇರುವುದಿಲ್ಲ.

ಅಂಚಿನ ಸಾಲುಗಳಿಗೆ ಬರಿಯ ನೀರು ತುಂಬಿಸಿ, ತಟ್ಟೆಗೆ ಅಂಟುಹಾಳೆ ಹಚ್ಚಿ, ಒದ್ದೆ ಹತ್ತಿಯಿಟ್ಟ ಡಬ್ಬಿಯೊಳಗೆ 25 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಟ್ಟ ಮೇಲೆ ಆ ತೂಗಾಟ ನಿಂತಿತು. ಕರೆಂಟು ಕೈಕೊಡುವ ಊರಿನಲ್ಲಿ ಇನ್‌ಕ್ಯುಬೇಟರಿನೊಳಗೆ ಒಂದು ಗರಿಷ್ಠ ಕನಿಷ್ಠ ಉಷ್ಣಮಾಪಕ ಇಟ್ಟು ಬೆಳಿಗ್ಗೆ ಬಂದ ಕೂಡಲೇ ಅದನ್ನು ಓದಿ ಬರೆದುಕೊಳ್ಳುವುದು ಅಗತ್ಯ. ರಾತ್ರಿ ಉಷ್ಣತೆ ಏರಿದ್ದರೆ ಆ ತಟ್ಟೆಯ ಅಂಕಿಗಳನ್ನು ಬಿಟ್ಟುಬಿಡಬೇಕು. ಫ್ರೀಜರಿನಲ್ಲಿಟ್ಟ ಡಿಎನ್‌ಎಗೂ ಇದೇ ಮಾತು: ಪದೇ ಪದೇ ಕರಗಿ ಹೆಪ್ಪುಗಟ್ಟಿದ ಡಿಎನ್‌ಎ ತುಂಡಾಗಿರುತ್ತದೆ. ದಾಸ್ತಾನನ್ನು ಸಣ್ಣ ಸಣ್ಣ ಪಾಲಾಗಿ ಹಂಚಿಟ್ಟು, ಬಳಸುವ ಮುನ್ನ 260 ಮತ್ತು 280 ನ್ಯಾನೊಮೀಟರಿನ ಹೀರಿಕೆಗಳ ಅನುಪಾತ 1.8ರ ಹತ್ತಿರ ಇದೆಯೇ ಎಂದು ನೋಡಬೇಕು. ಈ ಅನುಪಾತ ಪ್ರೋಟೀನಿನ ಕಲಬೆರಕೆಯನ್ನು ತೋರಿಸುತ್ತದೆ, ಡಿಎನ್‌ಎ ತುಂಡಾಗಿರುವುದನ್ನಲ್ಲ. ಅದಕ್ಕೆ, ವಿದ್ಯುತ್ ಹಾಯಿಸಿ ಡಿಎನ್‌ಎ ತುಂಡುಗಳನ್ನು ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿಯೇ ನೋಡಬೇಕು.

ಉಪ್ಪಿನ ಮಾತು ಬಂದಿದ್ದರಿಂದ ಉತ್ತರಾಣಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಬೂದಿಯಿಂದ ಕ್ಷಾರ ತೆಗೆಯುವ ರೂಢಿ ಹಿಂದಿನಿಂದ ಬಂದದ್ದು, ಗಿಡದಲ್ಲಿ ಪೊಟ್ಯಾಸಿಯಮ್ ಅಷ್ಟು ಇದೆ. ಅಂಥ ಗಿಡದ ನೀರಿನ ಸಾರವನ್ನು ಹೆಚ್ಚು ಪ್ರಮಾಣದಲ್ಲಿ ಹಾಕಿದರೆ ಬರಿಯ ಲವಣವೇ ಬಣ್ಣವನ್ನು ಎಬ್ಬಿಸುತ್ತದೆ. ಸಾರದ ವಿದ್ಯುದ್ವಾಹಕತೆಯನ್ನು ಅಳೆದು, ಅಷ್ಟೇ ವಾಹಕತೆಯ ಪೊಟ್ಯಾಸಿಯಮ್ ಕ್ಲೋರೈಡ್ ದ್ರಾವಣವನ್ನು ಇನ್ನೊಂದು ಗುಳಿಗೆ ಹಾಕಿ ಹೋಲಿಸಿದರೆ ಸತ್ಯ ತಿಳಿಯುತ್ತದೆ. ನಮ್ಮ ಉತ್ತರಾಣಿ ಮತ್ತು ಪೊಟ್ಯಾಸಿಯಮ್ ಕ್ಲೋರೈಡ್ ಎರಡೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಟ್ಟವು.

ಅಮೋನಿಯಾ ವಾಸನೆ

ಆಲ್ಕಲಾಯ್ಡ್ (ಸಾರಜನಕವುಳ್ಳ, ಕ್ಷಾರಗುಣದ ಗಿಡದ ಸಂಯುಕ್ತ) ಭಾಗವನ್ನು ಬೇರ್ಪಡಿಸುವಾಗ ಸಾರವನ್ನು ಮೊದಲು ಆಮ್ಲದಲ್ಲಿ ಕರಗಿಸಿ, ಆಮೇಲೆ ಅಮೋನಿಯಾ ಹಾಕಿ ಕ್ಷಾರೀಯಗೊಳಿಸಿ, ಕ್ಲೋರೋಫಾರ್ಮಿಗೆ ಎಳೆಯುತ್ತೇವೆ. ಕ್ಲೋರೋಫಾರ್ಮನ್ನು ಆವಿಯಾಗಿಸಿದ ಮೇಲೂ ಅಮೋನಿಯಾ ಸ್ವಲ್ಪ ಉಳಿದಿರಬಹುದು. ಮಿಥೈಲ್ ಗ್ರೀನ್ ಕ್ಷಾರೀಯ ದ್ರಾವಣದಲ್ಲಿ ಇನ್ನೂ ಬೇಗ ಮಾಸುವ ಬಣ್ಣವಾದ್ದರಿಂದ ಅಷ್ಟು ಉಳಿಕೆಯೂ ಸುಳ್ಳು ಧನಾತ್ಮಕಕ್ಕೆ ಸಾಕು. ಇದಕ್ಕೆ ತದ್ವಿರುದ್ಧವಾಗಿ ಹುಳಿಯಾದ ಸಾರ ಬಣ್ಣವನ್ನು ಉಳಿಸಿ, ನಿಜವಾದ ಬಿಡುಗಡೆಯನ್ನು ಮರೆಮಾಡುತ್ತದೆ. ಶೀಶೆಯ ಮುಚ್ಚಳ ತೆಗೆದಾಗ ಮೂಗಿಗೆ ಅಮೋನಿಯಾ ಹೊಡೆದರೆ ಸಾರ ಇನ್ನೂ ಒಣಗಿಲ್ಲ ಎಂದೇ ಅರ್ಥ. ಸಾರ ಹಾಕಿದ ಬಳಿಕ ಗುಳಿಯ ದ್ರವದ ಒಂದು ಹನಿಯನ್ನು ಪಿಎಚ್ ಕಾಗದಕ್ಕೆ ತಾಗಿಸಿ ನೋಡುವುದಕ್ಕೆ ಒಂದು ನಿಮಿಷವೂ ಬೇಡ. ಸಾರವನ್ನು ಕರಗಿಸಲು ಬಳಸುವ ಡೈಮಿಥೈಲ್ ಸಲ್ಫಾಕ್ಸೈಡಿನ ಪ್ರಮಾಣ ಗುಳಿಯಲ್ಲಿ ಶೇ. 1 ದಾಟದಿರಲಿ, ಅದೇ ಪ್ರಮಾಣದ್ದೊಂದು ನಿಯಂತ್ರಣ ಗುಳಿಯೂ ಇರಲಿ.

ಡಿಎನ್‌ಎಯನ್ನೇ ಕತ್ತರಿಸುವ ಕಿಣ್ವಗಳು

ನೀರಿನಲ್ಲಿ ತೆಗೆದ ಹಸಿ ಸಾರಗಳಲ್ಲಿ ಗಿಡದ ಸ್ವಂತ ನ್ಯೂಕ್ಲಿಯೇಸ್ ಕಿಣ್ವಗಳಿರುತ್ತವೆ. ಸಾರವನ್ನು ಒಂದು ರಾತ್ರಿ ಹೊರಗೆ ಬಿಟ್ಟರೆ ಸೂಕ್ಷ್ಮಜೀವಿಗಳ ಕಿಣ್ವಗಳೂ ಸೇರುತ್ತವೆ. ಅವು ಡಿಎನ್‌ಎಯನ್ನು ಕತ್ತರಿಸಿದಾಗ ಮಿಥೈಲ್ ಗ್ರೀನ್‌ಗೆ ಕುಳಿತುಕೊಳ್ಳಲು ಜಾಗವೇ ಇಲ್ಲದಂತಾಗಿ ಬಣ್ಣ ಮಾಸುತ್ತದೆ. ಸೂಕ್ಷ್ಮಜೀವಿಶಾಸ್ತ್ರದವರು ಬ್ಯಾಕ್ಟೀರಿಯಾ ಡಿಎನ್‌ಎ ಕರಗಿಸುತ್ತದೆಯೇ ಎಂದು ನೋಡುವ ಮಿಥೈಲ್ ಗ್ರೀನ್ ಅಗರ್ ಇದೇ ತತ್ತ್ವದ ಮೇಲೆ ನಿಂತಿದೆ. ನಮ್ಮ ಬಫರಿನಲ್ಲಿರುವ ಮೆಗ್ನೀಸಿಯಮ್ ಈ ಕಿಣ್ವಗಳಲ್ಲಿ ಹಲವಕ್ಕೆ ಬೇಕಾದ ಪೂರಕವೇ ಆಗಿದೆ.

ಬಣ್ಣದ ಅಂಕಿಯಿಂದ ಮಾತ್ರ ಈ ದೋಷವನ್ನು ಗುರುತಿಸಲಾಗದು. ಪ್ಲಾಸ್ಮಿಡ್ ಡಿಎನ್‌ಎಯನ್ನು (ಬ್ಯಾಕ್ಟೀರಿಯಾದ ಉಂಗುರದಂಥ ಸಣ್ಣ ಡಿಎನ್‌ಎ) ಎರಡು ಪಾಲು ಮಾಡಿ, ಒಂದರಲ್ಲಿ ಮೊದಲೇ ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಸೇರಿಸಿ, ಎರಡನ್ನೂ ಸಾರದೊಂದಿಗೆ ಒಂದು ಗಂಟೆ ಇಟ್ಟು, ಅಗರೋಸ್ ಜೆಲ್‌ನಲ್ಲಿ ಓಡಿಸಬೇಕು. ಇಡಿಟಿಎ ಇಲ್ಲದ ಸಾಲಿನಲ್ಲಿ ಡಿಎನ್‌ಎಯ ಹೊಳೆಯುವ ಪಟ್ಟಿ ಮಾಯವಾಗಿ ಹೊಗೆಯಂತೆ ಚದುರಿದ್ದು, ಇಡಿಟಿಎ ಇರುವ ಸಾಲಿನಲ್ಲಿ ಪಟ್ಟಿ ಹಾಗೆಯೇ ಉಳಿದಿದ್ದರೆ ಕಿಣ್ವವನ್ನು ಅನುಮಾನಿಸಬೇಕು. ಸಾರವನ್ನು ಕುದಿನೀರಿನಲ್ಲಿ ಹತ್ತು ನಿಮಿಷ ಕಾಯಿಸಿದಾಗಲೂ ಪಟ್ಟಿ ಉಳಿದರೆ ಅನುಮಾನ ಗಟ್ಟಿಯಾಗುತ್ತದೆ. ಆಡುಸೋಗೆಯ ನೀರಿನ ಸಾರ ಹೀಗೆ ಹೊರಬಿತ್ತು. ವಾರಾಂತ್ಯದಲ್ಲಿ ಅದನ್ನು ಮೇಜಿನ ಮೇಲೆ ಮರೆತಿದ್ದೆವು.

ಜೆಲ್ ಹೇಳುವ ಅರ್ಧಸತ್ಯಗಳು

ಜೆಲ್ ಕೂಡ ತಪ್ಪು ಹೇಳಬಲ್ಲದು. 2686 ಪ್ರತ್ಯಾಮ್ಲ ಜೋಡಿಗಳ ಪಿಯುಸಿ19ರಂಥ ಪ್ಲಾಸ್ಮಿಡ್ಡಿನಲ್ಲಿ ಬಿಗಿಯಾಗಿ ಸುತ್ತಿಕೊಂಡ ರೂಪ ಮುಂದಕ್ಕೆ ಓಡುತ್ತದೆ, ಒಂದು ಎಳೆಯಲ್ಲಿ ಕಡಿತವಾಗಿ ಸಡಿಲಗೊಂಡ ರೂಪ ಹಿಂದೆ ಉಳಿಯುತ್ತದೆ. ಸಾರ ಹಾಕಿದಾಗ ಮುಂದಿನ ಪಟ್ಟಿ ಹಿಂದಕ್ಕೆ ಸರಿದರೆ ಡಿಎನ್‌ಎ ಕಡಿತವಾಗಿದೆ ಎಂದು ತಕ್ಷಣ ಬರೆದುಬಿಡುತ್ತಾರೆ. ಆದರೆ 1961ರಲ್ಲಿ ಲಿಯೊನಾರ್ಡ್ ಲರ್ಮನ್ ಅಕ್ರಿಡಿನ್ ಬಣ್ಣಗಳ ವಿಷಯದಲ್ಲಿ ತೋರಿಸಿದಂತೆ, ಕೆಲವು ಚಪ್ಪಟೆ ಅಣುಗಳು ಪ್ರತ್ಯಾಮ್ಲ ಜೋಡಿಗಳ ನಡುವೆ ತೂರಿ ಕುಳಿತು ಸುರುಳಿಯನ್ನು ಬಿಚ್ಚುತ್ತವೆ. ಆಗ ಒಂದೂ ಕಡಿತವಿಲ್ಲದೆಯೇ ಪಟ್ಟಿ ಹಿಂದೆ ಸರಿಯುತ್ತದೆ. ಫೀನಾಲ್ ಮತ್ತು ಕ್ಲೋರೋಫಾರ್ಮಿನಲ್ಲಿ ತೊಳೆದು ಆ ಅಣುವನ್ನು ತೆಗೆದು ಮತ್ತೆ ಓಡಿಸಿದಾಗ ಪಟ್ಟಿ ತನ್ನ ಜಾಗಕ್ಕೆ ಮರಳಿದರೆ ಅದು ಬೆಸೆಯುವಿಕೆ, ಮರಳದಿದ್ದರೆ ಕಡಿತ.

ಪಟ್ಟಿ ಮಂಕಾಗುವುದಕ್ಕೂ ಎರಡು ಅರ್ಥಗಳಿವೆ. ಸಂಯುಕ್ತವು, ಜೆಲ್‌ನಲ್ಲಿ ಡಿಎನ್‌ಎ ಹೊಳೆಯುವಂತೆ ಮಾಡುವ ಎಥಿಡಿಯಮ್ ಬ್ರೋಮೈಡ್ ಬಣ್ಣ ಕೂರುವ ಜಾಗವನ್ನು ಆಕ್ರಮಿಸಿಕೊಂಡಿದ್ದರೆ, ಡಿಎನ್‌ಎ ಪೂರ್ತಿ ಇದ್ದರೂ ಹೊಳಪು ಕಡಿಮೆ ಇರುತ್ತದೆ. ಇನ್ನು, ಡಿಎನ್‌ಎ ಜೆಲ್‌ನ ಗುಳಿಯಲ್ಲಿಯೇ ಸಿಕ್ಕಿಕೊಂಡು ಮುಂದೆ ಸರಿಯದಿದ್ದರೆ ಸಾರದಲ್ಲಿ ಗಷ್ಟಾಗಿಸುವ ವಸ್ತು ಇದೆ ಎಂದು ತಿಳಿದು ಮತ್ತೆ ಒಗರಿನ ಕಡೆಗೆ ಹೋಗಬೇಕು.

ನಿಜವಾದ ಕಡಿತ ಕಂಡಾಗ ನೀರನ್ನೂ ಶಂಕಿಸಬೇಕು. ಪಾಲಿಫಿನಾಲ್‌ಗಳು ತಾಮ್ರದ ಅಯಾನುಗಳನ್ನು ಅಪಕರ್ಷಿಸಿ, ಆಮ್ಲಜನಕದೊಂದಿಗೆ ಸೇರಿ, ಡಿಎನ್‌ಎಯನ್ನು ಕಡಿಯುವ ಉಗ್ರ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತವೆ. ನಮ್ಮ ಬೋರ್ ನೀರು ಗಡಸು. ಭಟ್ಟಿಯಲ್ಲಿ ಆಗಾಗ ಸುಣ್ಣ ಕಟ್ಟಿ, ಅದನ್ನು ಕೆರೆದು ಕೆರೆದು ತಾಮ್ರದ ಪಾತ್ರೆಯ ಕಲಾಯಿ ಸವೆದಿತ್ತು. ಭಟ್ಟಿಯ ನೀರಿನಲ್ಲಿ ಮಾಡಿದ ಬಫರಿನಲ್ಲಿ ಕಡಿಯುತ್ತಿದ್ದ ಎರಡು ಸಾರಗಳು, ಗಾಜಿನ ಭಟ್ಟಿಯಲ್ಲಿ ಎರಡು ಸಲ ಇಳಿಸಿದ ನೀರಿನಲ್ಲಿ ಕಡಿಯಲಿಲ್ಲ. ಒಂದನೆಯ ವೇಲೆನ್ಸಿಯ ತಾಮ್ರವನ್ನು ಹಿಡಿಯುವ ನಿಯೊಕ್ಯುಪ್ರೊಯಿನ್ ಹಾಕಿದಾಗ ಹಳೆಯ ನೀರಿನಲ್ಲಿಯೂ ಕಡಿತ ನಿಂತಿತು. ಕಡಿತ ನಿಲ್ಲಿಸಲು ಇಡಿಟಿಎಯನ್ನು ಮಾತ್ರ ಬಳಸಿದರೆ ಕಿಣ್ವವೋ ತಾಮ್ರವೋ ಎಂದು ಬೇರ್ಪಡಿಸಲಾಗದು, ಅದಕ್ಕೇ ಈ ಎರಡನೆಯ ಪರೀಕ್ಷೆ ಬೇಕು.

ಇದ್ದೂ ಇಲ್ಲವೆಂದು ಬರುವವು

ಪರೀಕ್ಷೆ ತೋರಿಸದೆ ಬಿಟ್ಟವುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಇದೆ ಎಂದು 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಅದಕ್ಕೆ ಮುಂಚೆ, 1966ರಲ್ಲಿ, ಚೀನಾದ ಮರವೊಂದರಲ್ಲಿ ವಾಲ್ ಮತ್ತು ವಾನಿ ಅದನ್ನು ಕಂಡುಕೊಂಡಿದ್ದರು. ಕ್ಯಾನ್ಸರ್ ಚಿಕಿತ್ಸೆಗೆ ಇಷ್ಟು ದೊಡ್ಡ ಕೊಡುಗೆ ಕೊಟ್ಟ ಈ ಅಣು ಮಿಥೈಲ್ ಗ್ರೀನ್ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ. ಅದು ಡಿಎನ್‌ಎಯನ್ನು ಒಂಟಿಯಾಗಿ ಹಿಡಿಯುವುದಿಲ್ಲ. ಟೊಪೊಐಸೊಮರೇಸ್ 1 ಎಂಬ ಕಿಣ್ವ ಡಿಎನ್‌ಎಯನ್ನು ಕತ್ತರಿಸಿ ಹಿಡಿದಿರುವ ಕ್ಷಣದಲ್ಲಿ ನಡುವೆ ಸೇರಿ, ಕತ್ತರಿಸಿದ್ದು ಮತ್ತೆ ಕೂಡದಂತೆ ತಡೆಯುತ್ತದೆ. ಚಿಕ್ಕ ತೋಡಿನಲ್ಲಿ ಕೂರುವ ಅಣುಗಳೂ ದೊಡ್ಡ ತೋಡಿನ ಬಣ್ಣವನ್ನು ಅಷ್ಟಾಗಿ ಕದಲಿಸದಿರಬಹುದು. ಹೀಗಾಗಿ ನಮ್ಮ ಹದಿನೆಂಟರಲ್ಲಿ ಮೊದಲೇ ಋಣಾತ್ಮಕವಾಗಿದ್ದ ಮೂರನ್ನು ಎಸೆಯದೆ, ಎಥಿಡಿಯಮ್ ಬ್ರೋಮೈಡ್ ಸ್ಥಾನಪಲ್ಲಟ ವಿಧಾನದಲ್ಲಿಯೂ ನೋಡಲು ತೆಗೆದಿಟ್ಟಿದ್ದೇವೆ. ಆ ವಿಧಾನದಲ್ಲಿ ಬಣ್ಣದ ಸಾರಗಳು ಬೆಳಕನ್ನು ತಾವೇ ನುಂಗಿ ಹೊಳಪನ್ನು ಕುಗ್ಗಿಸುತ್ತವೆ ಎಂಬ ಬೇರೆ ದೋಷವಿದೆ, ಸಾರವನ್ನು ತೆಳುಮಾಡುತ್ತಾ ಹೋಗಿ ಅದನ್ನು ಪರಿಹರಿಸಿಕೊಳ್ಳಬೇಕು.

ಕೊನೆಗೆ ಉಳಿದವು

ಈ ಎಲ್ಲ ಜರಡಿಗಳನ್ನು ದಾಟಿ ಉಳಿದವು ಎರಡು: ಮುಳ್ಳು ದತ್ತೂರಿಯ ಬೇರಿನ ಆಲ್ಕಲಾಯ್ಡ್ ಭಾಗ ಮತ್ತು ಅಮೃತಬಳ್ಳಿಯ ಕಾಂಡದ್ದು. ಹೊಸ ಬ್ಯಾಚಿನ ಡಿಎನ್‌ಎ, ಅಂಟುವುದು ಮೊದಲೇ ಗೊತ್ತಿರುವ ಡಾಕ್ಸೊರುಬಿಸಿನ್ ಔಷಧದ ಧನಾತ್ಮಕ ನಿಯಂತ್ರಣ, ಪಿಎಚ್ ನೋಡಿದ ಗುಳಿಗಳು, ತಟ್ಟೆಯ ಒಳಸಾಲು, ಇಷ್ಟನ್ನೂ ಸರಿಪಡಿಸಿ ಮೂರು ಬೇರೆ ದಿನಗಳಲ್ಲಿ ಮಾಡಿದಾಗಲೂ ಎರಡೂ ಬಣ್ಣ ಇಳಿಸಿದವು. ಇಳಿತ ನಯವಾಗಿತ್ತು, ತಳದಲ್ಲಿ ಗಷ್ಟು ಇರಲಿಲ್ಲ. ತೆಳುಪದರ ಕ್ರೊಮೆಟೋಗ್ರಫಿಯ ಹಾಳೆಯನ್ನು 366 ನ್ಯಾನೊಮೀಟರಿನ ಅತಿನೇರಳೆ ದೀಪದ ಕೆಳಗೆ ಹಿಡಿದಾಗ ಎರಡು ಸಾಲುಗಳಲ್ಲಿಯೂ ಬರ್ಬೆರಿನ್ ಎಂಬ ಹಳದಿ ಆಲ್ಕಲಾಯ್ಡಿನ ಮಾದರಿ ಚುಕ್ಕೆಯ ಎತ್ತರದಲ್ಲಿಯೇ ಹಳದಿಯಾಗಿ ಹೊಳೆಯುವ ಚುಕ್ಕೆ ಕಂಡಿತು, ಡ್ರಾಗೆನ್‌ಡಾರ್ಫ್ ಎಂಬ ಆಲ್ಕಲಾಯ್ಡ್ ಪತ್ತೆಯ ದ್ರಾವಣ ಸಿಂಪಡಿಸಿದಾಗ ಅದು ಕಿತ್ತಳೆಯಾಯಿತು. ದತ್ತೂರಿಯ ಸಾಲಿನಲ್ಲಿ ಅದರ ಜೊತೆಗೆ ಬೇರೆ ಚುಕ್ಕೆಗಳೂ ಇವೆ. ಆ ಗಿಡದಲ್ಲಿ ಸಾಂಗ್ವಿನರಿನ್ ಇರುವುದು, ಬರ್ಬೆರಿನ್ನೂ ಸಾಂಗ್ವಿನರಿನ್ನೂ ಡಿಎನ್‌ಎಯೊಡನೆ ಬೆಸೆಯುವುದು ಮೊದಲಿನಿಂದ ತಿಳಿದ ಸಂಗತಿ. ಸಾಸಿವೆ ಎಣ್ಣೆಗೆ ಈ ಗಿಡದ ಬೀಜದ ಎಣ್ಣೆ ಬೆರೆತು ಜನ ಕಾಲೂದಿ ನರಳಿದ ಪ್ರಕರಣಗಳಿಗೂ ಇದೇ ಸಾಂಗ್ವಿನರಿನ್ ಕಾರಣ. ಈಗ ವಿದ್ಯಾರ್ಥಿನಿ ಆ ಚುಕ್ಕೆಗಳನ್ನು ಒಂದೊಂದಾಗಿ ಕೆರೆದು ತೆಗೆದು, ಗೊತ್ತಿರುವ ಎರಡನ್ನು ಬದಿಗಿಟ್ಟು, ಉಳಿದವನ್ನು ಅದೇ ತಟ್ಟೆಯ ಒಳಸಾಲಿನಲ್ಲಿ ಪರೀಕ್ಷಿಸುತ್ತಿದ್ದಾಳೆ.